ಬಳ್ಳಾರಿ ಜಿಲ್ಲೆಯ ಗ್ರಾಮಶಾಲೆಗಳು: ೧೮೨೩ರ ವರದಿಯ ವಿವೇಚನೆ

ಹಳ್ಳಿಯ ಮಕ್ಕಳು ನಡುವೆಯೇ ಶಾಲೆ ಬಿಡುವುದಕ್ಕೆ ತಂದೆತಾಯಿಗಳ ಅನಾದರವೇ ಕಾರಣವೆಂಬ ಮಾತು ಬಹುಕಾಲದಿಂದ ರೂಢಿಯಲ್ಲಿದೆ. ಈ ಅಭಿಪ್ರಾಯವನ್ನು ಪರೀಕ್ಷಿಸಲು, ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ೧೮೨೩ರ ಆಗಸ್ಟಿನಲ್ಲಿ ಬರೆದ ವರದಿ ನಮಗೆ ಉತ್ತಮ ಆಧಾರವಾಗಿದೆ. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ಕಲೆಕ್ಟರುಗಳಿಂದ ಶಾಲೆಗಳ ವಿವರ ಕೇಳಿದಾಗ ಬಂದ ಉತ್ತರಗಳಲ್ಲಿ ಇದೊಂದು.

ಅಂದಿನ ಬಳ್ಳಾರಿ ಜಿಲ್ಲೆಗೆ ಅನಂತಪುರದ ಪ್ರದೇಶವೂ ಸೇರಿತ್ತು. ೯,೨೭,೮೫೭ ಜನಸಂಖ್ಯೆಗೆ ಅಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಓದುತ್ತಿದ್ದವರು ೬,೬೪೧ ಮಂದಿ, ಎಂದರೆ ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಶೂದ್ರರೆಂದೂ ಇತರ ಜಾತಿಯವರೆಂದೂ ನಮೂದಾದ ಬಾಲಕರೇ ೪,೧೭೨. ವಿದ್ಯೆಯ ಅಪೇಕ್ಷೆ ಮೇಲ್ವರ್ಗಕ್ಕೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಬಾಲಿಕೆಯರು ಕೇವಲ ೬೦. ಈ ಕೊರತೆಯನ್ನು ನಾವು ಮರೆಯುವಂತಿಲ್ಲ.

ಮಕ್ಕಳು ಮೊದಲು ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿ, ಬಳಿಕ ಹಲಗೆ, ಕಡತ, ಓಲೆಗಳಲ್ಲಿ ಬರೆಯುತ್ತಿದ್ದರು. ಮುಂದುವರಿದ ಹುಡುಗರು ಕಿರಿಯರಿಗೆ ಪಾಠ ಹೇಳುತ್ತಿದ್ದರು. ಈ ಮಿತವ್ಯಯದ ಕ್ರಮವನ್ನು ಕ್ಯಾಂಬೆಲ್ಲನು ಮೆಚ್ಚಿದ್ದಾನೆ. ಅರ್ಥವರಿಯದೆ ಪದ್ಯಗಳನ್ನು ಕಂಠಪಾಠ ಮಾಡಿಸುತ್ತಿದ್ದುದನ್ನು ಆಕ್ಷೇಪಿಸಿದ್ದಾನೆ.

ಹಿಂದೆ ಶಾಲೆಗಳಿದ್ದ ಅನೇಕ ಗ್ರಾಮಗಳಲ್ಲಿ ಆ ವೇಳೆಗೆ ಶಾಲೆಗಳೇ ಇರಲಿಲ್ಲ. ಇದಕ್ಕೆ ಅವನು ಕೊಡುವ ಕಾರಣ ದೇಶಕ್ಕೆ ಕವಿದ ಬಡತನ. ಇಂಗ್ಲಿಷ್ ಬಟ್ಟೆಗಳು ಬಂದು ನೇಕಾರರ ಕಸುಬು ಕುಗ್ಗಿತು. ಮಧ್ಯಮ ಮತ್ತು ಕೆಳವರ್ಗದವರಿಗೆ ಓದಿಸುವ ವೆಚ್ಚವನ್ನು ಭರಿಸುವ ಶಕ್ತಿ ಇಲ್ಲವಾಯಿತು. ಅಲ್ಪ ಕೆಲಸಕ್ಕೆ ಕೈ ಬಂದೊಡನೆಯೇ ಮಗುವಿನ ದುಡಿಮೆ ಮನೆಗೆ ಅನಿವಾರ್ಯವಾಯಿತು. ಶಾಲೆಯನ್ನು ಬರಿದು ಮಾಡಿದ್ದು ಅನಾದರವಲ್ಲ, ಅಭಾವ.

ಮನ್ರೋ ೧೮೨೬ರಲ್ಲಿ ತಹಸೀಲುದಾರಿಗೊಂದರಂತೆ ೩೦೦ ಶಾಲೆಗಳನ್ನು ಸೂಚಿಸಿ, ಉಪಾಧ್ಯಾಯನಿಗೆ ತಿಂಗಳಿಗೆ ೯ ರೂಪಾಯಿ ಗೊತ್ತುಮಾಡಿದನು. ಬಡತನವನ್ನು ಅವನೂ ಕಾರಣವೆಂದು ಒಪ್ಪಿದ್ದನು. ಆದರೂ ಹೊಲದಲ್ಲಿ ದುಡಿಯುವ ಹಳ್ಳಿಯ ಬಾಲಕನಿಗೆ ಕಸಬೆಯ ಶಾಲೆ ಎಷ್ಟರ ಮಟ್ಟಿಗೆ ಎಟುಕೀತು? ಆ ಯೋಜನೆ ಪೂರ್ಣಗೊಳ್ಳದೆ ೧೮೩೬ರಲ್ಲಿ ನಿಂತುಹೋಯಿತು.

ಮಗುವಿನ ಹಸಿವನ್ನೂ ಶಾಲೆಯ ಲೆಕ್ಕಕ್ಕೆ ಸೇರಿಸಿದ ಅಕ್ಷರ ದಾಸೋಹ ಯೋಜನೆ ೨೦೦೨ರಲ್ಲಿ, ಬಳ್ಳಾರಿಯೂ ಸೇರಿದಂತೆ, ಕರ್ನಾಟಕದ ಉತ್ತರ ಭಾಗದ ಕೆಲವು ಜಿಲ್ಲೆಗಳಲ್ಲಿ ಆರಂಭವಾಯಿತು. ಆರರಿಂದ ಹದಿನಾಲ್ಕು ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕು ೨೦೦೯ರ ಕಾಯಿದೆಯಿಂದ ದೊರೆಯಿತು. ಇವು ದೊಡ್ಡ ಅವಕಾಶಗಳೇ ಸರಿ. ಆದರೆ ಸುಗ್ಗಿಯಲ್ಲಿ ಹಾಜರಿ ಕುಗ್ಗಿದಾಗ ತಂದೆತಾಯಿಗಳನ್ನು ದೂರುವ ಮೊದಲು ಆ ಮನೆಯ ಆದಾಯವೆಷ್ಟು, ದುಡಿಯುವ ಕೈಗಳೆಷ್ಟು ಎಂದು ವಿಚಾರಿಸುವುದು ಲೇಸು. ಗ್ರಾಮಶಾಲೆಯ ಇತಿಹಾಸವನ್ನು ಗ್ರಾಮದ ಆರ್ಥಿಕ ಇತಿಹಾಸದಿಂದ ಬೇರ್ಪಡಿಸಿ ಬರೆಯಲಾಗದೆಂಬುದೇ ಈ ವರದಿಯಿಂದ ನಾವು ಕಲಿಯಬೇಕಾದ ಪಾಠ.