ಅರ್ಧ ಅಂಗಳದ ಗೆಲುವು

ಹೈದರಾಬಾದಿನ ಲಾಲ್ ಬಹದ್ದೂರ್ ಕ್ರೀಡಾಂಗಣದ ಹಳೆಯ ಹೆಸರು ಫತೇಹ್ ಮೈದಾನ್. ಫತೇಹ್ ಎಂದರೆ ವಿಜಯ. 2005ರ ಫೆಬ್ರುವರಿಯಲ್ಲಿ ಅಲ್ಲಿನ ಟೆನಿಸ್ ಅಂಗಳದಲ್ಲಿ ಹದಿನೆಂಟರ ಹರೆಯದ ಸಾನಿಯಾ ಮಿರ್ಜಾ ಉಕ್ರೇನಿನ ಅಲ್ಯೋನಾ ಬೊಂಡರೆಂಕೊ ಅವರನ್ನು ಮೂರು ಸೆಟ್‌ಗಳಲ್ಲಿ ಮಣಿಸಿ, ಡಬ್ಲ್ಯೂಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆಯೆನಿಸಿದರು. ಅದೇ ವರ್ಷ ಅಮೆರಿಕನ್ ಓಪನ್‌ನ ನಾಲ್ಕನೆಯ ಸುತ್ತು ಮುಟ್ಟಿದರು. 2007ರ ಆಗಸ್ಟ್‌ನಲ್ಲಿ ವಿಶ್ವದ 27ನೆಯ ಸ್ಥಾನಕ್ಕೇರಿದರು. ಆದರೆ ಹೈದರಾಬಾದಿನ ಆ ಪ್ರಶಸ್ತಿಯೇ ಸಿಂಗಲ್ಸ್‌ನಲ್ಲಿ ಅವರಿಗೆ ದಕ್ಕಿದ ಒಂದೇ ಒಂದು ಡಬ್ಲ್ಯೂಟಿಎ ಪ್ರಶಸ್ತಿಯಾಗಿ ಉಳಿಯಿತು.

ಅವರ ಬಲವೆಲ್ಲ ಫೋರ್‌ಹ್ಯಾಂಡ್ ಹೊಡೆತದಲ್ಲಿತ್ತು. ಪೆಟ್ಟು ಬಿದ್ದದ್ದು ಬಲಗೈಯ ಮಣಿಕಟ್ಟಿಗೆ. 2008ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮೊಣಕಾಲುಗಳೂ ಸಹಕರಿಸಲಿಲ್ಲ. 2013ರಲ್ಲಿ ಅವರು ಸಿಂಗಲ್ಸ್ ಆಟವನ್ನೇ ತೊರೆದರು.

ಡಬಲ್ಸ್ ಎಂದರೆ ಎರಡನೆಯ ದರ್ಜೆಯ ಆಟವೆಂದು ಭಾವಿಸುವವರಿಗೆ ಇದು ಹಿನ್ನಡೆಯಾಗಿಯೇ ತೋರಿದ್ದೀತು. ವಾಸ್ತವ ಬೇರೆಯೇ ಆಗಿತ್ತು. ಸಿಂಗಲ್ಸ್‌ನಲ್ಲಿ 27 ಅಡಿ ಅಗಲವಿರುವ ಅಂಗಳ ಡಬಲ್ಸ್‌ನಲ್ಲಿ 36 ಅಡಿಗೆ ಹಿಗ್ಗುತ್ತದೆ. ಆದರೆ ಅದನ್ನು ಕಾಯುವವರು ಇಬ್ಬರು. ಓಟ ಕಡಿಮೆಯಾದಾಗ ಸಾನಿಯಾರ ಹೊಡೆತಕ್ಕೆ ಅದರ ಪೂರ್ಣ ಬೆಲೆ ದೊರೆಯಿತು. ಬಲಭಾಗದಿಂದ ಅವರು ಬಿರುಸಾಗಿ ಬಾರಿಸಿದರೆ, ನೆಟ್ ಬಳಿ ಮಾರ್ಟಿನಾ ಹಿಂಗಿಸ್ ಅಂಕವನ್ನು ಮುಗಿಸುತ್ತಿದ್ದರು. 2015ರ ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಅಗ್ರಸ್ಥಾನಕ್ಕೇರಿದರು. ಆ ವರ್ಷದ ವಿಂಬಲ್ಡನ್, ಅಮೆರಿಕನ್ ಓಪನ್ ಹಾಗೂ 2016ರ ಆಸ್ಟ್ರೇಲಿಯನ್ ಓಪನ್ ಈ ಜೋಡಿಯ ಪಾಲಾದವು. ಸತತ 41 ಪಂದ್ಯಗಳಲ್ಲಿ ಇವರನ್ನು ಸೋಲಿಸಿದವರಿಲ್ಲ. ಮಹೇಶ್ ಭೂಪತಿಯವರೊಡನೆ ಎರಡು, ಬ್ರೂನೊ ಸೊವಾರೆಸ್‌ರೊಡನೆ ಒಂದು ಮಿಶ್ರ ಡಬಲ್ಸ್ ಪ್ರಶಸ್ತಿ ಸೇರಿದರೆ ಒಟ್ಟು ಆರು ಗ್ರ್ಯಾಂಡ್ ಸ್ಲ್ಯಾಮ್.

ಹೈದರಾಬಾದಿನ ಕನ್ನಡಿಗರಿಗೆ ಈ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಹದಿನಾಲ್ಕರ ವಯಸ್ಸಿನಲ್ಲಿ ಸಾನಿಯಾರ ಮೊದಲ ಮಿಶ್ರ ಡಬಲ್ಸ್ ಜೊತೆಗಾರನಾಗಿದ್ದವರು ಕೊಡಗಿನ ರೋಹನ್ ಬೋಪಣ್ಣ. ರಾಷ್ಟ್ರೀಯ ಪ್ರಶಸ್ತಿಯನ್ನು ಅವರಿಬ್ಬರೂ ಕೂಡಿ ಗೆದ್ದಿದ್ದರು. ರಿಯೊ ಒಲಿಂಪಿಕ್ಸ್‌ನಲ್ಲಿ ಇದೇ ಜೋಡಿ ಕಂಚಿನ ಪದಕವನ್ನು ಸ್ವಲ್ಪದರಲ್ಲಿ ಕಳೆದುಕೊಂಡು ನಾಲ್ಕನೆಯದಾಯಿತು. 2023ರ ಜನವರಿಯಲ್ಲಿ ಸಾನಿಯಾ ತಮ್ಮ ಕೊನೆಯ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್ ಆಡಿದಾಗಲೂ ಪಕ್ಕದಲ್ಲಿದ್ದವರು ಬೋಪಣ್ಣನವರೇ. ಮೆಲ್ಬರ್ನ್‌ನಲ್ಲಿ ಬ್ರೆಜಿಲ್‌ನ ಜೋಡಿಯೆದುರು ಅವರು ಸೋತರು. ನಾಲ್ಕು ವರ್ಷದ ಮಗ ತಾಯಿಯ ಆ ಆಟವನ್ನು ಕುಳಿತು ನೋಡಿದ್ದ.

ಆ ಮಾರ್ಚ್‌ನಲ್ಲಿ ವಿದಾಯದ ಪ್ರದರ್ಶನ ಪಂದ್ಯಗಳಿಗೆ ಸಾನಿಯಾ ಆರಿಸಿಕೊಂಡದ್ದು 2005ರ ಅದೇ ಕ್ರೀಡಾಂಗಣವನ್ನು. ಒಬ್ಬರೇ ನಿಂತು ಗೆದ್ದಿದ್ದ ಆ ಅಂಗಳದಿಂದ ಅವರು ನಿರ್ಗಮಿಸಿದ್ದು, ಜೊತೆಗಾರರೊಡನೆ ಡಬಲ್ಸ್ ಆಡಿ.