ಯೀಸ್ಟಲ್ಲೂ ನಾಟಿ ತಳಿ ಇತ್ತು

ಬಿಯರ್ ರುಚಿ ಅಂದ್ರೆ ಬಾರ್ಲಿ ರುಚಿ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅರ್ಧ ನಿಜ ಅಷ್ಟೇ. ಒಂದೇ ಬಾರ್ಲಿ ರಸವನ್ನ ಎರಡು ಪಾತ್ರೆಗೆ ಹಂಚಿ, ಬೇರೆ ಬೇರೆ ಯೀಸ್ಟ್ ಬೆರೆಸಿದರೆ ಎರಡು ಬೇರೆ ಬಿಯರ್ ಆಗುತ್ತೆ. ಜರ್ಮನಿಯ ಗೋಧಿ ಬಿಯರಿನ ಯೀಸ್ಟು ಮಾಗಿದ ಬಾಳೆಹಣ್ಣಿನ ಘಮ ಕೊಡುತ್ತೆ, ಜೊತೆಗೆ ಲವಂಗದ್ದು. ಅದಕ್ಕೆ ಬಾಳೆ ಹಾಕಿರಲ್ಲ, ಲವಂಗವೂ ಹಾಕಿರಲ್ಲ. ಬಾಳೆಹಣ್ಣಲ್ಲಿರೋ ಐಸೋಅಮೈಲ್ ಅಸಿಟೇಟ್ ಅನ್ನೋ ವಸ್ತುವನ್ನ ಆ ಯೀಸ್ಟೇ ತಯಾರಿಸುತ್ತೆ. ರಸಬಾಳೆ ಸೀಮೆಯವರಾದ ನಮಗೆ ಇದು ತಮಾಷೆ ಅನ್ನಿಸಬಹುದು.

ಹುದುಗು ಬರಿಸೋದು ಜೀವವಿರೋ ಯೀಸ್ಟು ಅಂತ ತೋರಿಸಿದವನು ಲೂಯಿ ಪಾಶ್ಚರ್. ಬಿಯರ್ ಬಗ್ಗೆಯೇ 1876ರಲ್ಲಿ ಪುಸ್ತಕ ಬರೆದ. ಆದರೆ ರೈತನ ಕಣ್ಣಿಗೆ ದೊಡ್ಡ ಕೆಲಸ ಅಂದ್ರೆ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಹ್ಯಾನ್ಸೆನ್ 1883ರಲ್ಲಿ ಮಾಡಿದ್ದು. ಹಲವು ಯೀಸ್ಟು ಬೆರೆತಿದ್ದ ಮಷ್ಟಿನಿಂದ ಒಂದೇ ಒಂದು ಜೀವಕಣ ಬೇರೆ ಮಾಡಿ ಬೆಳೆಸಿದ. ಮಿಶ್ರ ಬಿತ್ತನೆಯಿಂದ ಒಂದು ಕಾಳು ಆರಿಸಿ ಶುದ್ಧ ತಳಿ ಮಾಡಿದ ಹಾಗೆ. ಕಂಪನಿ ಅದನ್ನ ಬಚ್ಚಿಡದೆ ಬೇರೆ ಕಾರ್ಖಾನೆಗಳಿಗೂ ಕೊಟ್ಟಿತು. ತಂಪಲ್ಲಿ, ಸುಮಾರು 8ರಿಂದ 12 ಡಿಗ್ರಿಯಲ್ಲಿ, ನಿಧಾನಕ್ಕೆ ಹುದುಗೋ ಲಾಗರ್ ಯೀಸ್ಟು ಅದು. ಹಣ್ಣಿನ ವಾಸನೆ ಕಮ್ಮಿ, ರುಚಿ ಚೊಕ್ಕ. 1915ರಲ್ಲಿ ಥಾಮಸ್ ಲೀಶ್‌ಮನ್ ಕಟ್ಟಿದ ಯುನೈಟೆಡ್ ಬ್ರೂವರೀಸ್ ಈಗ ನಮ್ಮ ನಂಜನಗೂಡಲ್ಲೂ ಬಿಯರ್ ಮಾಡುತ್ತೆ, ಅಲ್ಲೂ ಲಾಗರೇ ಮುಖ್ಯ. ತಾಂಡ್ಯದ ಕೈಗಾರಿಕಾ ಪ್ರದೇಶದ ಸುತ್ತ ಹಸು ಸಾಕೋರಿಗೆ ಬಿಯರ್ ಅಂದ್ರೆ ರಸ ಹಿಂಡಿ ಉಳಿದ ಬಾರ್ಲಿ ಚರಟ ನೆನಪಾಗುತ್ತೆ, ಅದು ಬೇರೆ ಕಥೆ.

ನಾರ್ವೆಯ ವಾಸ್ ಕಡೆ ರೈತರು ಬೇರೆ ದಾರಿ ಹಿಡಿದಿದ್ರು. ಮರದ ಬಳೆಯಂಥ ಸಾಧನವನ್ನ ಯೀಸ್ಟಲ್ಲಿ ಅದ್ದಿ, ಒಣಗಿಸಿ ತೂಗು ಹಾಕ್ತಿದ್ರು. ಮುಂದಿನ ಸಲಕ್ಕೆ ಅದೇ ಬೀಜ. ಒಬ್ಬರದ್ದು ಕೆಟ್ಟರೆ ಪಕ್ಕದ ಮನೆಯಿಂದ ಇಸ್ಕೋಬೇಕು. ಅದರ ಹೆಸರು ಕ್ವೈಕ್. 35–40 ಡಿಗ್ರಿ ಸೆಖೆಯಲ್ಲೂ ಹುದುಗುತ್ತೆ, ಕಿತ್ತಳೆಯಂಥ ಘಮ ಕೊಡುತ್ತೆ. ಮನೆಯಲ್ಲಿ ಬಿಯರ್ ಮಾಡೋ ವಿದೇಶೀಯರು ಈಗ ಅದನ್ನ ಪ್ಯಾಕೆಟ್ಟಲ್ಲಿ ಕೊಳ್ತಾರೆ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆ ಇದೆ. ಅದಕ್ಕೇ ವಿಧಾನ ಬರೀತಾ ಇಲ್ಲ.)

ನಮ್ಮ ಸೀಮೆಯ ಕ್ವೈಕ್ ಯಾವುದು ಅಂದ್ರೆ ಈಚಲು ಹೆಂಡದ ಮಡಕೆ. ಈಡಿಗರು ಮರ ಕೆತ್ತಿ ರಸ ಇಳಿಸ್ತಿದ್ರು, ಯಾರೂ ಯೀಸ್ಟು ಬೆರೆಸ್ತಿರಲಿಲ್ಲ. ಮರದ ಮೇಲಿದ್ದದ್ದು, ಗಾಳೀಲಿ ಬಂದದ್ದು, ಹಳೇ ಮಡಕೆಯ ಗಸಿಯಲ್ಲಿ ಉಳಿದದ್ದು ಎಲ್ಲ ಸೇರಿ ಕೆಲವೇ ಗಂಟೇಲಿ ಕೆಲಸ ಶುರು. ಬರೀ ಯೀಸ್ಟಲ್ಲ, ಹುಳಿ ಬರಿಸೋ ಬ್ಯಾಕ್ಟೀರಿಯಾನೂ ಇರುತ್ತೆ. ಬೆಳಿಗ್ಗೆ ಸಿಹಿ, ಮಧ್ಯಾಹ್ನಕ್ಕೆ ಕಟು, ಮಾರನೇ ದಿನಕ್ಕೆ ಹುಳಿ. ಮಡಕೆ ಒಳಗೆ ಸುಣ್ಣ ಬಳಿದರೆ ಇದೆಲ್ಲ ತಡವಾಗುತ್ತೆ, ಆಗ ಅದು ನೀರಾ.

ಇದರ ಒಂದು ಕಣವನ್ನೂ ಯಾರೂ ಹ್ಯಾನ್ಸೆನ್ ಥರ ಆರಿಸಿ ಬೆಳೆಸದೆ ಇದ್ದಿದ್ದರೂ ಮಡಕೆ ಇರೋವರೆಗೆ ನಡೀತಿತ್ತು. ಆಮೇಲೆ ಕರಾವಳಿ ಬಿಟ್ಟು ಉಳಿದ ಕಡೆ ಸೇಂದಿಗೆ ನಿಷೇಧ ಬಂತು. ಕಲಬೆರಕೆ ಹೆಂಡ ಜೀವ ತೆಗೀತಿತ್ತು, ತಡೀಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲಬೆರಕೆಯವನ ಜೊತೆಗೆ ಮರ ಹತ್ತೋನ ಕಸುಬೂ ಹೋಯ್ತು, ಮಡಕೆಯೂ ಒಣಗಿತು. ರಸಬಾಳೆಗೆ ಸೊರಗು ರೋಗ ಬಡಿದಾಗ ಕೆಲವರ ತೋಟದಲ್ಲಾದರೂ ಕಂದು ಉಳಿದಿತ್ತು, ಭೌಗೋಳಿಕ ಸೂಚಕವೂ ಸಿಕ್ಕಿತು. ಒಣಗಿದ ಗಸಿಗೆ ಯಾವ ಕಂದು?

ನಂಜನಗೂಡು, ನರಸೀಪುರ ಕಡೆ ಈಚಲು ಇಳಿಸಿದ ಹಿರಿಯರು ಮನೇಲಿದ್ರೆ ಕೂತು ಕೇಳಿ: ಮಡಕೆ ತೊಳೀತಿದ್ರಾ, ಗಸಿ ಬಿಡ್ತಿದ್ರಾ, ಯಾವ ಮರದ್ದು ಯಾವ ರುಚಿ. ಬರೆದು ಇಟ್ಕೊಳ್ಳಿ.