ಶ್ವಾಸಕೋಶದ ಫೈಬ್ರೋಸಿಸ್: ಏದುಸಿರು ದಿಢೀರ್ ಹೆಚ್ಚಾದರೆ ನಿರ್ಲಕ್ಷ್ಯ ಬೇಡ, ಕಾರಣ ಇಲ್ಲಿದೆ

2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿತ್ತು. ಸುಮಾರು 12 ದಿನ ನಗರದಲ್ಲಿ ಹೊಗೆ ಆವರಿಸಿತ್ತು. ಶಾಲೆಗಳಿಗೆ ರಜೆ ನೀಡಲಾಯಿತು, ಮಾಸ್ಕ್ ಧರಿಸುವಂತೆ ಜನರಿಗೆ ಸೂಚಿಸಲಾಯಿತು. ಆರೋಗ್ಯವಂತರಿಗೆ ಇಂಥ ಹೊಗೆ ಕೆಲ ದಿನಗಳ ಕೆಮ್ಮು, ಕಣ್ಣುರಿ ತರಬಹುದು. ಆದರೆ ಶ್ವಾಸಕೋಶ ಈಗಾಗಲೇ ಗಟ್ಟಿಯಾಗಿರುವ ರೋಗಿಗಳಿಗೆ ಕಲುಷಿತ ಗಾಳಿ ಜೀವಕ್ಕೇ ಕುತ್ತಾಗಬಹುದು.

ಏನಿದು ಪಲ್ಮನರಿ ಫೈಬ್ರೋಸಿಸ್?

ಗಾಯ ಮಾಗಿದ ಮೇಲೆ ಚರ್ಮದಲ್ಲಿ ಕಲೆ ಉಳಿಯುವಂತೆ, ಶ್ವಾಸಕೋಶದ ಒಳಗೂ ಕಲೆಗಟ್ಟಿ ಅದು ಗಡುಸಾಗುವ ಕಾಯಿಲೆ ಇದು. ಹೀಗಾದಾಗ ಆಮ್ಲಜನಕ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಕಾರಣ ತಿಳಿಯದ ಬಗೆಯನ್ನು ಐಪಿಎಫ್ ಎನ್ನುತ್ತಾರೆ. ತಬಲಾ ಮಾಂತ್ರಿಕ ಉಸ್ತಾದ್ ಜಾಕಿರ್ ಹುಸೇನ್ 2024ರ ಡಿಸೆಂಬರ್‌ನಲ್ಲಿ ಇದೇ ಕಾಯಿಲೆಯಿಂದ ನಿಧನರಾದರು.

ಭಾರತದ 1,084 ರೋಗಿಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐಪಿಎಫ್ ಪಾಲು ಶೇ. 13.7ರಷ್ಟಿತ್ತು. ಶೇ. 47ರಷ್ಟು ಮಂದಿಗೆ ಬೂಷ್ಟು, ಹಕ್ಕಿಗಳ ಹಿಕ್ಕೆ, ಏರ್ ಕೂಲರ್‌ನಂಥ ಮೂಲಗಳಿಂದ ಬರುವ ಅಲರ್ಜಿ ಸಂಬಂಧಿತ ಶ್ವಾಸಕೋಶ ಕಾಯಿಲೆ ಇತ್ತು.

'ತೀವ್ರ ಉಲ್ಬಣ' ಎಂದರೇನು?

ಈ ಕಾಯಿಲೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಆದರೆ ಕೆಲವರಲ್ಲಿ ಕೆಲವೇ ದಿನಗಳಲ್ಲಿ ಉಸಿರಾಟ ಪೂರ್ತಿ ಹದಗೆಡುತ್ತದೆ. 2016ರ ಅಂತಾರಾಷ್ಟ್ರೀಯ ತಜ್ಞರ ವ್ಯಾಖ್ಯಾನದಂತೆ, ಸುಮಾರು ಒಂದು ತಿಂಗಳೊಳಗೆ ಏದುಸಿರು ಹೆಚ್ಚಾಗಿ, ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ಹೊಸ ಮಬ್ಬು ಕಂಡರೆ, ಹೃದಯ ವೈಫಲ್ಯವೊಂದೇ ಅದಕ್ಕೆ ಕಾರಣವಲ್ಲದಿದ್ದರೆ ಅದು ತೀವ್ರ ಉಲ್ಬಣ. ವರ್ಷಕ್ಕೆ 100 ಐಪಿಎಫ್ ರೋಗಿಗಳಲ್ಲಿ 4ರಿಂದ 20 ಮಂದಿಗೆ ಹೀಗಾಗುತ್ತದೆ ಎಂದು ವಿವಿಧ ಅಧ್ಯಯನಗಳು ಹೇಳುತ್ತವೆ.

ಸೋಂಕು, ಆಹಾರ ಅಥವಾ ಹೊಟ್ಟೆಯ ಆಮ್ಲ ಶ್ವಾಸಕೋಶಕ್ಕೆ ನುಗ್ಗುವುದು, ಶಸ್ತ್ರಚಿಕಿತ್ಸೆ ಇದನ್ನು ಕೆರಳಿಸಬಹುದು. ವಾಯುಮಾಲಿನ್ಯದ ನಂಟನ್ನೂ ಅಧ್ಯಯನಗಳು ತೋರಿಸಿವೆ. ಎಷ್ಟೋ ಬಾರಿ ಕಾರಣವೇ ಸಿಗುವುದಿಲ್ಲ.

ಬದುಕುಳಿಯುವ ಸಾಧ್ಯತೆ ಎಷ್ಟು?

ಉಲ್ಬಣಗೊಂಡು ಆಸ್ಪತ್ರೆ ಸೇರಿದ ಐಪಿಎಫ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಅಲ್ಲೇ ಸಾವನ್ನಪ್ಪುತ್ತಾರೆ. ಉಲ್ಬಣದ ನಂತರ ಅರ್ಧದಷ್ಟು ರೋಗಿಗಳು ಮೂರು, ನಾಲ್ಕು ತಿಂಗಳು ಮಾತ್ರ ಬದುಕುತ್ತಾರೆ. ವೆಂಟಿಲೇಟರ್ ಅಳವಡಿಸಿದರೂ ಹೆಚ್ಚಿನವರು ಚೇತರಿಸಿಕೊಳ್ಳುವುದಿಲ್ಲ.

ಖಚಿತ ಔಷಧಿ ಇನ್ನೂ ಇಲ್ಲ. ಆಮ್ಲಜನಕದ ಜತೆಗೆ ಆ್ಯಂಟಿಬಯೋಟಿಕ್, ಸ್ಟಿರಾಯ್ಡ್ ನೀಡುವ ರೂಢಿಯಿದೆ, ಆದರೆ ಸ್ಟಿರಾಯ್ಡ್‌ನಿಂದ ಲಾಭವಿದೆ ಎಂಬುದಕ್ಕೆ ಪುರಾವೆ ಬಲವಾಗಿಲ್ಲ. ಫ್ರಾನ್ಸ್‌ನಲ್ಲಿ ನಡೆದ ಎಕ್ಸಾಫಿಪ್ ಪ್ರಯೋಗದಲ್ಲಿ ಸ್ಟಿರಾಯ್ಡ್ ಜತೆ ಸೈಕ್ಲೋಫಾಸ್ಫಮೈಡ್ ಪಡೆದವರಲ್ಲಿ ಮೂರು ತಿಂಗಳಲ್ಲಿ ಶೇ. 45 ಮಂದಿ, ಪಡೆಯದವರಲ್ಲಿ ಶೇ. 31 ಮಂದಿ ಮೃತಪಟ್ಟಿದ್ದರು. ಅಂದರೆ ಔಷಧಿ ಹೆಚ್ಚಿಸಿದರೆ ಒಳ್ಳೆಯದಾಗುತ್ತದೆ ಎನ್ನುವಂತಿಲ್ಲ.

ರೋಗಿಗಳು, ಮನೆಯವರು ಏನು ಮಾಡಬೇಕು?

* ಏದುಸಿರು ದಿನದಿಂದ ದಿನಕ್ಕೆ ಹೆಚ್ಚಿದರೆ ಅಥವಾ ಪಲ್ಸ್ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ ಎಂದಿಗಿಂತ ಕಡಿಮೆ ತೋರಿಸಿದರೆ ನೆಗಡಿ ಎಂದುಕೊಂಡು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹಳೆಯ ಸಿಟಿ ಸ್ಕ್ಯಾನ್ ಜತೆಗಿರಲಿ. ಕಳಕ್ಕೂಟಂ ಕಡೆಯವರಿಗೆ ತಿರುವನಂತಪುರದ ಪುಲಯನಾರ್‌ಕೋಟೆಯಲ್ಲಿ ಸರ್ಕಾರಿ ಎದೆರೋಗ ಆಸ್ಪತ್ರೆಯಿದೆ.
* ಫ್ಲೂ, ನ್ಯುಮೋನಿಯಾ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. ಬೀಡಿ, ಸಿಗರೇಟ್ ಬಿಡಿ. ಕಸ ಸುಡುವ ಹೊಗೆಯಿಂದ ದೂರವಿರಿ.
* ಪಿರ್ಫೆನಿಡೋನ್, ನಿಂಟೆಡಾನಿಬ್ ಮಾತ್ರೆಗಳು ಕಾಯಿಲೆಯ ವೇಗ ತಗ್ಗಿಸುತ್ತವೆ, ಗುಣಪಡಿಸುವುದಿಲ್ಲ. ಅಡ್ಡಪರಿಣಾಮವಾದರೆ ನೀವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ.
* ಶ್ವಾಸಕೋಶ ಕಸಿಗೆ ಅರ್ಹತೆ ಇದೆಯೇ ಎಂಬುದನ್ನು ಕಾಯಿಲೆ ಪತ್ತೆಯಾದಾಗಲೇ ವಿಚಾರಿಸಿ.
* ಐಸಿಯು, ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನು ರೋಗಿ ಮಾತಾಡಬಲ್ಲ ಸ್ಥಿತಿಯಲ್ಲಿದ್ದಾಗಲೇ ಅವರೊಂದಿಗೆ ಕುಳಿತು ನಿರ್ಧರಿಸಿ. ತುರ್ತು ಹೊತ್ತಿನಲ್ಲಿ ಮನೆಯವರಿಗೆ ಈ ತೀರ್ಮಾನ ಬಹಳ ಕಷ್ಟವಾಗುತ್ತದೆ.

(ಗಮನಿಸಿ: ಇದು ಸಾಮಾನ್ಯ ಮಾಹಿತಿ ಮಾತ್ರ. ಚಿಕಿತ್ಸೆಗೆ ತಜ್ಞ ವೈದ್ಯರನ್ನು ಸಂಪರ್ಕಿಸಿ.)